ಗೇರುಮರದ ನೆರಳು ಸರಿದ ದಿನ

ಮಗಳಿಗೆ ಆಗ ಏಳು ತಿಂಗಳು. ಕಾರವಾರದ ಕಚೇರಿಗೆ ನಾಲ್ಕು ದಿನ ರಜೆ ಹಾಕಿ, ಅಂಕೋಲೆ ಹತ್ತಿರದ ತವರಿಗೆ ಅವಳನ್ನು ಎತ್ತಿಕೊಂಡು ಬಂದಿದ್ದೆ. ಏಪ್ರಿಲ್ ತಿಂಗಳು, ಗದ್ದೆಯಲ್ಲಿ ಶೇಂಗಾ ಕೀಳುವ ಕೆಲಸ. ಆಳು ಸಿಗದೆ ನನ್ನ ಹೆತ್ತ ಆಯಿ ಒಬ್ಬಳೇ ಸೊಂಟ ಬಗ್ಗಿಸಿದ್ದನ್ನು ನೋಡಲಾರದೆ ನಾನೂ ಹೊರಟೆ.

“ಕೂಸಿನ ಕಟ್ಕಂಡು ಬಿಸ್ಲಿಗೆ ಎಂತಕೆ ಬತ್ತೆ? ಮನೇಲೇ ಇರು,” ಎಂದಳು ಆಯಿ.

“ಬೆಳಿಗ್ಗಿಂದ ಕರೆಂಟಿಲ್ಲ ಆಯಿ, ಒಳಗೆ ಬೇಯ್ತದೆ. ಅಲ್ಲಾದ್ರೂ ಗಾಳಿ ಅದೆ.”

ಗದ್ದೆಯಂಚಿನ ಗೇರುಮರಕ್ಕೆ ಆಯಿಯ ಹಳೇ ಸೀರೆಯಿಂದ ಜೋಲಿ ಕಟ್ಟಿದೆವು. ಹಾಲು ಕುಡಿಸಿ ಮಲಗಿಸಿದೆ. ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಆಡುತ್ತಿದ್ದವು. ನನಗೆ ಸಮಾಧಾನವಾಗಲಿಲ್ಲ. ದಪ್ಪ ಟವೆಲೊಂದನ್ನು ಜೋಲಿಯ ಮೇಲೆ ಹೊದಿಸಿ, ಜಾರದಂತೆ ಎರಡೂ ಕಡೆ ಪಿನ್ನು ಹಾಕಿದೆ.

ಮೊದಮೊದಲು ಹತ್ತು ನಿಮಿಷಕ್ಕೊಮ್ಮೆ ಓಡಿ ಹೋಗಿ ಇಣುಕುತ್ತಿದ್ದೆ. ಆಮೇಲೆ ಈ ಸಾಲೊಂದು ಮುಗಿಯಲಿ, ಇನ್ನೊಂದು ಮುಗಿಯಲಿ ಎಂದು ಕೆಲಸ ಎಳೆದುಕೊಂಡು ಹೋಯಿತು. ನಡುವೆ ಒಮ್ಮೆ ಅವಳು ಕುಂಯ್‌ಗುಟ್ಟಿದಳು. ತಲೆಯೆತ್ತುವಷ್ಟರಲ್ಲಿ ಸುಮ್ಮನಾದಳು. ಮತ್ತೆ ನಿದ್ದೆ ಹೋದಳೆಂದುಕೊಂಡೆ.

ನೀರು ಕುಡಿಯಲೆಂದು ತಿರುಗಿದವಳು ಜೋಲಿಯತ್ತ ನೋಡಿದೆ. ನೆರಳು ಮರದ ಬುಡಕ್ಕೆ ಸರಿದಿತ್ತು. ಜೋಲಿ ಪೂರ್ತಿ ಬಿಸಿಲಲ್ಲಿ ತೂಗುತ್ತಿತ್ತು.

ಟವೆಲು ಕಿತ್ತೆಸೆದೆ. ಒಳಗಿನಿಂದ ಒಲೆಯ ಬಾಯಿಯ ಹಾಗೆ ಝಳ ಬಂತು. ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು, ಕಣ್ಣು ಅರ್ಧ ತೆರೆದಿತ್ತು. ಎತ್ತಿದರೆ ಕತ್ತು ನನ್ನ ತೋಳಿನ ಮೇಲೆ ಜೋತುಬಿತ್ತು. ಅತ್ತಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಅವಳು ಅಳಲೇ ಇಲ್ಲ.

ಮನೆಗೆ ಓಡಿದೆವು. ಆಯಿ ಮಗುವಿನ ಅಂಗಿ ಬಿಚ್ಚಿ, ಒದ್ದೆ ಬಟ್ಟೆಯಿಂದ ಮೈಯೆಲ್ಲ ಒರೆಸುತ್ತ ಬೀಸಣಿಗೆಯಲ್ಲಿ ಗಾಳಿ ಹಾಕಿದಳು. ಮೊಲೆ ಬಾಯಿಗಿಟ್ಟರೆ ಮಗು ಚೀಪಲಿಲ್ಲ. ಪಕ್ಕದ ಮನೆಯವರ ರಿಕ್ಷಾದಲ್ಲಿ ಅಂಕೋಲೆ ಪೇಟೆಯ ಆಸ್ಪತ್ರೆಗೆ ಹೊರಟೆವು. ಹೆದ್ದಾರಿಯ ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ಆಯಿ ತನ್ನ ಸೆರಗನ್ನು ನೆನೆಸಿ ಅವಳ ಕಾಲಿಗೆ ಒತ್ತುತ್ತಲೇ ಇದ್ದಳು. ನನ್ನ ಕಿವಿ ಮಗುವಿನ ಉಸಿರಿನ ಮೇಲಿತ್ತು. ರಿಕ್ಷಾದ ಸದ್ದಿನಲ್ಲಿ ಅದು ಕೇಳಿಸುತ್ತಿರಲಿಲ್ಲ.

“ಉಚ್ಚೆ ಮಾಡಿ ಎಷ್ಟು ಹೊತ್ತಾಯ್ತು?” ಡಾಕ್ಟರಮ್ಮ ಕೇಳಿದರು.

ನನಗೆ ನೆನಪಿರಲಿಲ್ಲ. ಆಯಿಯೇ ಹೇಳಿದಳು: “ಎಂಟು ಗಂಟೆ ಸುಮಾರಿಗೆ ಬಟ್ಟೆ ಬದಲ್ಸಿದ್ದೆ. ಮತ್ತೆ ಇಲ್ಲ.”

ಆಗ ಹನ್ನೊಂದೂವರೆ ದಾಟಿತ್ತು.

ಡಾಕ್ಟರಮ್ಮ ಪರೀಕ್ಷಿಸಿ, ಫ್ಯಾನಿನ ಕೆಳಗೆ ಮಲಗಿಸಿ, ಓಆರ್‌ಎಸ್ ನೀರನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಲು ಹೇಳಿದರು. “ದಪ್ಪ ಬಟ್ಟೆ ಮುಚ್ಚಿದ್ರೆ ಒಳಗೆ ಗಾಳಿಯಾಡೂದಿಲ್ಲ. ಇಷ್ಟು ಸಣ್ಣ ಮಕ್ಕಳನ್ನ ಈ ಹೊತ್ತಲ್ಲಿ ಹೊರಗೆ ತರಲೇಬಾರದು. ಒಂದು ತಾಸು ನೋಡೋಣ. ಉಚ್ಚೆ ಆಗದಿದ್ರೆ ಕಾರವಾರದ ದೊಡ್ಡಾಸ್ಪತ್ರೆಗೆ ಕಳಿಸ್ತೇನೆ.”

ಆ ಒಂದು ತಾಸು ನಾನು ಮಗುವಿನ ಬಟ್ಟೆಯನ್ನು ಎಷ್ಟು ಸಲ ಮುಟ್ಟಿ ನೋಡಿದೆನೋ. ಒಣಗಿತ್ತು. ಮತ್ತೆ ಒಣಗಿತ್ತು. ಗೋಡೆಗೊರಗಿದ್ದ ಆಯಿ, “ನಿಮ್ಮನ್ನೆಲ್ಲ ಗದ್ದೇಲೇ ಬೆಳೆಸ್ದೆ. ಹಿಂಗೆ ಆತದೆ ಅಂತ ಗೊತ್ತಿರ್ಲಿಲ್ಲ ಮಗಾ,” ಎಂದಳು. ತಪ್ಪು ಅವಳದಲ್ಲ, ಟವೆಲು ಹಾಕಿದವಳು ನಾನು. ಮತ್ತೊಂದು ಚಮಚ ನೀರನ್ನು ಮಗುವಿನ ತುಟಿಗಿಟ್ಟೆ.

ಕೊನೆಗೆ ಮಗು ಹಾಲಿಗೆ ಬಾಯಿ ಹಾಕಿತು. ತುಸು ಹೊತ್ತಿನಲ್ಲೇ ನನ್ನ ಮಡಿಲು ಬೆಚ್ಚಗಾಯಿತು. “ಆಯಿ, ಮಾಡ್ತು!” ಎಂದು ಕೂಗಿಯೇಬಿಟ್ಟೆ. ಕಾಯುತ್ತ ಕೂತಿದ್ದವರೆಲ್ಲ ತಿರುಗಿ ನೋಡಿದರು.

ರಜೆಯ ಉಳಿದ ದಿನಗಳಲ್ಲಿ ಹೊತ್ತು ಇಳಿಯುವವರೆಗೆ ನಾನೂ ಆಯಿಯೂ ಗದ್ದೆಗೆ ಹೋಗಲಿಲ್ಲ. ಕಾರವಾರಕ್ಕೆ ಮರಳಿದ ಮೇಲೂ ಭಯ ಬಿಡಲಿಲ್ಲ. ಮಗಳು ತುಸು ಹೆಚ್ಚು ಹೊತ್ತು ನಿದ್ದೆ ಮಾಡಿದರೆ ಪಾದಕ್ಕೆ ಕಚಗುಳಿಯಿಟ್ಟು ಎಬ್ಬಿಸುತ್ತಿದ್ದೆ. ಅವಳು ಸಿಟ್ಟಿನಿಂದ ಅತ್ತಾಗ ಗಂಡ, “ಮಲಗಿದ ಕೂಸನ್ನ ಯಾಕೆ ಅಳಿಸ್ತೀಯೇ?” ಎಂದು ಗದರುತ್ತಿದ್ದ. ಅವಳ ಅಳು ನನಗೆಷ್ಟು ಬೇಕಾಗಿತ್ತೆಂದು ಅವನಿಗೆ ಹೇಗೆ ಹೇಳಲಿ?