ಕಂಡಕ್ಟರ್ ಇಲ್ಲದ ಬಸ್ಸು

ಆ ಬಸ್ ಆಟವನ್ನು ಮನೆಗೆ ತರಿಸಿದವಳು ನಾನೇ, ವಾಚಾಮಗೋಚರ ಬೈದವಳೂ ನಾನೇ. ಅದು ಬೈಯುವ ವಸ್ತುವಲ್ಲ, ನಗುವ ವಸ್ತು ಎಂದು ಕಂಡುಹಿಡಿದವರು ನಮ್ಮಪ್ಪ.

ಅಪ್ಪ ಕಡೂರು, ತರೀಕೆರೆ, ಅಜ್ಜಂಪುರದ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ತರೀಕೆರೆ ಬಸ್‌ಸ್ಟ್ಯಾಂಡಿನ ಈ ತುದಿಯಲ್ಲಿ ನಿಂತು ಊರುಗಳ ಹೆಸರು ಕೂಗಿದರೆ, ಆ ತುದಿಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರು ಲೋಟ ಬಿಟ್ಟು ಓಡಿಬರುತ್ತಿದ್ದರು. ಅಂಥ ಗಂಟಲು. ಕೆಲಸ ಬಿಟ್ಟ ಮರುವರ್ಷ ಲಕ್ವ ಹೊಡೆಯಿತು. ಕಾಲು ಹೇಗೋ ಚೇತರಿಸಿಕೊಂಡಿತು, ಬಲಗೈ ಅರ್ಧ ಬಂತು, ಮಾತು ಮಾತ್ರ ತೊದಲಾಗಿ ಉಳಿಯಿತು. ಒಂದು ದಿನ ಹಾಲಿನವಳು ಅವರ ಮಾತು ತಿಳಿಯದೆ, ಏನಂದ್ರು ಎಂಬಂತೆ ಅಮ್ಮನ ಮುಖ ನೋಡಿದಳು. ಅಂದು ಮುಚ್ಚಿದ ಬಾಯನ್ನು ಅಪ್ಪ ತೆರೆಯಲೇ ಇಲ್ಲ. ಎಲ್ಲಕ್ಕೂ ಕೈಸನ್ನೆ.

ಮಾತಾಡದೆ ಬಿಟ್ಟರೆ ನಾಲಗೆ ಇನ್ನೂ ಜಡವಾಗುತ್ತದೆ, ಹೇಗಾದರೂ ಮಾಡಿ ಮಾತಾಡಿಸಿ ಎಂದು ಡಾಕ್ಟರು ಎಚ್ಚರಿಸಿದ್ದರು. ನಾನು ಬೇಡಿಕೊಂಡೆ, ಗದರಿದೆ. ಒಂದು ಮಧ್ಯಾಹ್ನವಂತೂ ಬಾಯಿಬಿಟ್ಟು ಕೇಳಿದರೇ ಮುದ್ದೆ ಬಡಿಸುವುದು ಎಂದು ಹಟ ಹಿಡಿದೆ. ಅವರು ತಟ್ಟೆ ಸರಿಸಿ ಎದ್ದುಹೋದರು. ನನ್ನ ಆ ಕೆಟ್ಟ ಬುದ್ಧಿ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಇಪ್ಪತ್ತು ವರ್ಷ ಅಪ್ಪನ ಜೊತೆ ಅದೇ ಬಸ್ಸನ್ನು ಓಡಿಸಿದ್ದ ಡ್ರೈವರ್ ಮಾಮ ಆಗಾಗ ಅಜ್ಜಂಪುರದಿಂದ ನೋಡಲು ಬರುತ್ತಿದ್ದರು. ಅವರ ಚಪ್ಪಲಿ ಸದ್ದು ಕೇಳಿದ್ದೇ ತಡ, ಅಪ್ಪ ಗೋಡೆಗೆ ಮುಖ ಮಾಡಿ ನಿದ್ದೆ ನಟಿಸುತ್ತಿದ್ದರು. ಪಾಪ, ಆ ಮನುಷ್ಯ ಅರ್ಧ ಗಂಟೆ ಸುಮ್ಮನೆ ಕೂತು, ಕಾಫಿ ಕುಡಿದು, ಮಲಗಲಿ ಬಿಡಮ್ಮ ಎಂದು ಹೊರಟುಬಿಡುತ್ತಿದ್ದರು.

ಬೆರಳುಗಳಿಗೆ ಕೆಲಸ ಕೊಡಿ ಎಂದೂ ಡಾಕ್ಟರು ಹೇಳಿದ್ದರಿಂದ, ಟಿ.ವಿ.ಗೆ ಜೋಡಿಸಿ ಆಡುವ ಬಸ್ ಆಟ ತರಿಸಿದೆ. ಡಬ್ಬದ ಮೇಲೆ ಘಾಟಿ ರಸ್ತೆ, ತುಂಬಿದ ಸಂತೆ, ಏನು ಬೆಡಗು! ಹಾಕಿ ನೋಡಿದರೆ, ಶಿವನೇ, ರಸ್ತೆ ಇಸ್ತ್ರಿ ಮಾಡಿದ ಪಂಚೆಯ ಹಾಗೆ ಚಪ್ಪಟೆ. ಹಸುಗಳು ನೆಲದಿಂದ ಮೊಳದೆತ್ತರ ತೇಲುತ್ತಿದ್ದವು. ಹೊರಗೆ ಬಿಸಿಲು, ಬಸ್ಸಿನೊಳಗೆ ಮಳೆ. ಪ್ರಯಾಣಿಕರು ಬಾಗಿಲು ಬಿಟ್ಟು ತಗಡನ್ನೇ ಹಾದು ಒಳಬಂದು, ಸೀಟಿನಲ್ಲಿ ಸೊಂಟದವರೆಗೆ ಹೂತುಹೋಗುತ್ತಿದ್ದರು. ಟೋಪಿ ಹಾಕಿದರಲ್ಲ, ಇವರ ಮನೆ ಹಾಳಾಗ ಎನ್ನುತ್ತ ವೈರು ಕೀಳಲು ಎದ್ದೆ.

ಹಿಂದಿನಿಂದ ಗೊರಗೊರ ಸದ್ದು ಬಂತು. ಉಸಿರು ಸಿಕ್ಕಿಕೊಂಡಿತೇನೋ ಎಂದು ಥಟ್ಟನೆ ತಿರುಗಿದರೆ, ಅಪ್ಪ ನಗುತ್ತಿದ್ದರು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಕಣ್ಣಲ್ಲಿ ನೀರು. ಲಕ್ವ ಹೊಡೆದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಾನು ವೈರು ಬಿಟ್ಟು ಕೂತೆ.

ಮರುದಿನದಿಂದ ತಿಂಡಿ ಆಗುತ್ತಲೇ ಅವರೇ ಟಿ.ವಿ. ಕಡೆ ಕೈ ತೋರಿಸತೊಡಗಿದರು. ನಾನು ಸಿಡುಕುವ ಕಡೆಯೆಲ್ಲ ಅವರಿಗೆ ತಮಾಷೆ ಕಾಣುತ್ತಿತ್ತು. ಎಮ್ಮೆದೊಡ್ಡಿ ಹುಲ್ಲುಗಾವಲಿನ ದಿಕ್ಕಿಗೆ ಕೈಮಾಡಿ, ಈ ತೇಲುವ ಹಸು ಅಲ್ಲಿಗೆ ಹೋದರೆ ಅಮೃತಮಹಲ್ ದನಗಳು ಕೊಂಬಿನಲ್ಲಿ ತಿವಿದು ಕೆಳಗಿಳಿಸುತ್ತವೆ ಎಂದು ಅಭಿನಯಿಸಿ ತೋರಿಸಿದರು. ಸೀಟಿನಲ್ಲಿ ಹೂತ ಹೆಂಗಸಿಗೆ ಅರ್ಧ ಟಿಕೆಟ್ ಸಾಕೆಂದು ಬೆರಳಲ್ಲಿ ಅಳತೆ ಹಿಡಿದರು. ನಾಲ್ಕನೆಯ ದಿನ ಸನ್ನೆ ಸಾಲದೆ ಮಾತೇ ಹೊರಬಿತ್ತು.

"ಕಂಡಕ್ಟ್ರೇ ಇಲ್ವಲ್ಲೇ ಇದ್ರಲ್ಲಿ."

ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು, ಆದರೂ ತಿಳಿಯಿತು. ಏನೂ ಆಗಿಲ್ಲವೆಂಬ ಹಾಗೆ ಹೌದಲ್ಲ ಎಂದೆ. ಅಡುಗೆಮನೆಗೆ ಹೋಗಿ ಚೆನ್ನಾಗಿ ಅತ್ತೆ. ಇಷ್ಟೊಂದು ಸೊಟ್ಟಗಿರುವ ಲೋಕದಲ್ಲಿ ತನ್ನ ಮಾತೊಂದು ಸೊಟ್ಟಗಾದರೆ ಏನು ಮಹಾ ಎಂದು ಅವರಿಗೆ ಅನ್ನಿಸಿತೋ ಏನೋ. ನನ್ನಂಥ ಸಿಡುಕಿಗೆ ಆ ದೊಡ್ಡ ಮನಸ್ಸು ಏಳು ಜನ್ಮಕ್ಕೂ ಬರುವುದಿಲ್ಲ. ನನ್ನ ಹತ್ತಿರ, ಅಮ್ಮನ ಹತ್ತಿರ ಆಟದ ಸೋಜಿಗಗಳನ್ನು ತೊದಲಿಕೊಂಡೇ ಹೇಳತೊಡಗಿದರು. ಹೊರಗಿನವರು ಬಂದರೆ ಮಾತ್ರ ಬಾಯಿಗೆ ಬೀಗ.

ಒಂದು ಬೆಳಗ್ಗೆ ಡ್ರೈವರ್ ಮಾಮ ಹೇಳದೆ ಕೇಳದೆ ಬಂದುಬಿಟ್ಟರು. ಗೋಡೆಗೆ ತಿರುಗಲು ಅಪ್ಪನಿಗೆ ಪುರುಸೊತ್ತಾಗಲಿಲ್ಲ, ತಲೆ ತಗ್ಗಿಸಿ ಕೂತರು. ನನಗೆ ಏನು ಮಾಡಲೂ ತೋಚದೆ ಆಟದ ಬಸ್ಸು ಓಡಿಸುವ ಜಾಯ್‌ಸ್ಟಿಕ್ಕನ್ನು ಮಾಮನ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು. ಜನ ತಗಡು ಹಾದು ಹತ್ತಿ ಮುಗಿಯಿತು. ಬಸ್ಸು ಮಾತ್ರ ಅಲ್ಲಾಡಲಿಲ್ಲ. ಹೊರಡಲು ಯಾವ ಗುಂಡಿ ಒತ್ತಬೇಕೆಂದು ತೋರಿಸಿಕೊಟ್ಟೆ. ತಲೆಯಾಡಿಸಿದರು, ಒತ್ತಲಿಲ್ಲ. ಹೊತ್ತು ಮೀರಿ ಆಟ ಮುಗಿಯಿತು, ತಾನಾಗಿಯೇ ಮತ್ತೆ ಶುರುವಾಯಿತು. ಮತ್ತೆ ಅದೇ ಕತೆ. ಯಾಕೆ ಮಾಮ, ಹೊರಡಿಸಿ ಎಂದು ರೇಗಿದೆ.

"ನಿಮ್ಮಪ್ಪ ರೈಟ್ ಅನ್ನದೆ ನಾನ್ಯಾವತ್ತೂ ಬಸ್ ಎತ್ತಿಲ್ಲ ಕಣಮ್ಮ," ಎಂದರು ಪರದೆಯಿಂದ ಕಣ್ಣು ತೆಗೆಯದೆ.

ಅಪ್ಪ ಮೆಲ್ಲಗೆ ತಲೆಯೆತ್ತಿ ಅವರನ್ನು ನೋಡಿದರು. ಮಾಮ ತಮಾಷೆ ಮಾಡುತ್ತಿರಲಿಲ್ಲ. ಮೂರನೆಯ ಸಲವೂ ಹೊತ್ತು ಮುಗಿಯುತ್ತ ಬಂದಿತ್ತು. ಅಪ್ಪ ಕುರ್ಚಿಯ ಕೈ ಹಿಡಿದುಕೊಂಡು, ಎಂಜಲು ನುಂಗಿ, ಬಾಯಿ ತೆರೆದರು. ಮಾತು ಜಜ್ಜಿಹೋಗಿ, ಉಗುಳಿನ ಜೊತೆ ಹೊರಗೆ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಯಾರೇ ಕೇಳಿದ್ದರೂ ಅದನ್ನು ರೈಟ್ ಅನ್ನುತ್ತಿರಲಿಲ್ಲ.

ಮಾಮ ಬಸ್ ಎತ್ತಿದರು.