ಹೊಲಸು ನೀರಿಗೊಂದು ಡಿಗ್ರಿ

ಗೆಳೆಯರೇ, ನಾನು ಬಿ.ಎ. ಪಾಸಾಗಿದ್ದೇನೆಂದು ಅಕ್ಕ ಬ್ಯಾಡಗಿಯಲ್ಲೆಲ್ಲ ಹೇಳುತ್ತಿದ್ದಾಗ ಇಷ್ಟು ವರ್ಷ ಸುಮ್ಮನಿದ್ದೆ. ನಿಜವೆಂದರೆ ನಾನು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನು.

ಇವತ್ತು ಅಕ್ಕ ನನ್ನನ್ನು ರಾಣೆಬೆನ್ನೂರಿನ ಏಜೆಂಟನ ಬಳಿ ಕರೆದೊಯ್ದಳು. ಪರದೇಶದಲ್ಲಿ ಹೊಲಸು ನೀರು ಶುದ್ಧ ಮಾಡುವ ತಂತ್ರಜ್ಞಾನ ಓದಲು ಸೀಟಿದೆಯಂತೆ.

"ಇಂಜಿನಿಯರಿಂಗ್ ಬೇಕಾಗಿಲ್ರಿ, ಯಾವುದಾರ ಒಂದು ಡಿಗ್ರಿ ಇದ್ರ ಸಾಕು," ಎಂದ ಏಜೆಂಟ, ನನ್ನ ಹೆಸರಿನ ಖೊಟ್ಟಿ ಡಿಗ್ರಿಯೊಂದನ್ನು ಮುಂದಿಟ್ಟ.

"ಇದು ನಂದಲ್ರಿ," ಎಂದೆ.

"ಸುಮ್ನ ತೊಗೋ ತಮ್ಮಾ! ಹೊಲಸ ನೀರು ನಿನ್ನ ಡಿಗ್ರಿ ಕೇಳತೈತೇನು?" ಎಂದಳು ಅಕ್ಕ.

ನಾನು ಅದನ್ನು ಹರಿದು ಹಾಕಿದೆ. ಬ್ಯಾಡಗಿ ಮುಟ್ಟುವವರೆಗೂ ಬಸ್ಸಿನಲ್ಲಿ ಅವಳು ನನ್ನ ಮುಖ ನೋಡಲಿಲ್ಲ.

ಆದರೆ ಅವಳು ಹೇಳಿದ್ದು ಖರೆ. ಸಂಜೆ ಸಿಕ್ಕ ಹುಬ್ಬಳ್ಳಿಯ ಗುತ್ತಿಗೆದಾರ ಗಟಾರದ ಹೊಲಸು ಬಳಿದು ತೆಗೆಯುವ ಕೆಲಸಕ್ಕೆ ಯಾವ ಡಿಗ್ರಿಯನ್ನೂ ಕೇಳಲಿಲ್ಲ. ನಾಳೆ ಮುಂಜಾನೆ ಹೊರಡುತ್ತೇನೆ.