ರಾಡಿನ ಮೇಲೆ ಅತ್ತೆಯ ಮಡಿ ಸೀರೆ

ಹೋದ ವರ್ಷ ಶ್ರಾವಣದ ಮಾತು. ಪುಣೆಯ ಕೋಥ್ರೂಡಿನ ನಮ್ಮ ಫ್ಲ್ಯಾಟಿನಲ್ಲಿ, ಎಂಬತ್ಮೂರು ವರ್ಷದ ನಮ್ಮ ಅತ್ತೆ ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಪ್ಯಾಸೇಜಿನಲ್ಲಿ ಜಾರಿಬಿದ್ದರು. ಪುಣ್ಯಕ್ಕೆ ಎಲುಬು ಮುರಿಯಲಿಲ್ಲ. "ಇನ್ನೊಮ್ಮೆ ಬಿದ್ದರೆ ಹಾಸಿಗೆ ಹಿಡಿಯುತ್ತಾರೆ" ಎಂದ ಡಾಕ್ಟರರ ಮಾತು ಮಾತ್ರ ನನ್ನ ನಿದ್ದೆ ಕೆಡಿಸಿತು.

ಮಿಸ್ತ್ರಿಯನ್ನು ಕರೆಸಿ, ಅತ್ತೆಯ ಕೋಣೆಯಿಂದ ಬಚ್ಚಲವರೆಗೆ ಗೋಡೆಗುಂಟ ಸೊಂಟದೆತ್ತರಕ್ಕೆ ಸ್ಟೀಲಿನ ರಾಡು ಕೂಡಿಸಿದೆವು. "ಆಜಿ, ಆತಾ ಬಿನಧಾಸ್ತ ಚಾಲಾ" ಎಂದು, ಇನ್ನು ಹೆದರದೆ ನಡೆಯಿರಿ ಅಂತ ಮರಾಠಿಯಲ್ಲಿ ಧೈರ್ಯ ಹೇಳಿ, ಅವನೇ ಅದಕ್ಕೆ ಜೋತುಬಿದ್ದು ತೋರಿಸಿದ. ಅತ್ತೆ ಖುಷಿಯಾದರು. ನಾನೂ ಗೆದ್ದೆ ಅಂದುಕೊಂಡೆ.

ಮರುದಿನ ನೋಡುತ್ತೇನೆ, ರಾಡಿನ ಉದ್ದಕ್ಕೂ ಅತ್ತೆಯ ಮಡಿ ಸೀರೆ! ಮಡಿಯಲ್ಲಿ ಒಗೆದು ಹರವಿದ ಸೀರೆಯನ್ನು ಸ್ನಾನವಾಗದೆ ಯಾರೂ ಮುಟ್ಟುವಂತಿಲ್ಲ, ಸ್ವತಃ ಅತ್ತೆಯೂ. ಹಾಗಾಗಿ ಅವರು ರಾಡು ಬಿಟ್ಟು ಎದುರಿನ ಗೋಡೆ ಸವರುತ್ತ ಬಚ್ಚಲಿಗೆ ನಡೆದರು.

"ಅತ್ಯಾರ, ಇದು ನೀವು ಹಿಡಕೊಳ್ಳಲಿಕ್ಕೆ ಹಾಕಿಸಿದ್ದರಿ, ಸೀರಿ ಒಣಗಸಲಿಕ್ಕಲ್ಲ!"

"ಒಣಗಿದರ ನಿನ್ನ ಗಂಟೇನು ಹೋಗ್ತದ?"

ನನಗೆ ಮೈಯೆಲ್ಲ ಉರಿಯಿತು. ಬಾಲ್ಕನಿಯ ಎತ್ತರದ ಗಳ ತೋರಿಸಿ ಅಲ್ಲಿ ಹಾಕಿ ಅಂದೆ. ಕೇಳಿದರೆ ತಾನೆ? ಎಂಟು ದಿನ ಇದೇ ಜಗಳ.

ಒಂಬತ್ತನೆಯ ದಿನ ಬೆಳಿಗ್ಗೆ ಒಗ್ಗರಣೆ ಹಾಕುತ್ತಿದ್ದೆ. ಪ್ಯಾಸೇಜಿನಿಂದ ಅತ್ತೆ ಚೀರಿದರು. ಸೌಟು ಬಿಸಾಡಿ ಓಡಿದೆ. ಕಾಲು ಜಾರಿ ಅರ್ಧ ಕುಸಿದಿದ್ದ ಅತ್ತೆ, ಎರಡೂ ಕೈಯಿಂದ ಸೀರೆ ಸಮೇತ ರಾಡನ್ನು ಬಿಗಿಹಿಡಿದು ಜೋತಾಡುತ್ತಿದ್ದರು! ತಬ್ಬಿ ಎಬ್ಬಿಸಿ ಸ್ಟೂಲಿನ ಮೇಲೆ ಕೂಡಿಸಿದೆ. ಪೆಟ್ಟಾಯಿತೇನೋ ಎಂದು ಅವರ ಕಾಲು ಮುಟ್ಟಿ ನೋಡತೊಡಗಿದೆ. ಅವರೋ ಕೈಯಲ್ಲಿದ್ದ ಸೆರಗು ನೋಡಿ ಕಿಸಕ್ಕನೆ ನಕ್ಕರು.

"ಸೀರಿ ಮೈಲಿಗಿ ಆತು ನೋಡು ವಿದ್ಯಾ, ಎಲುಬು ಉಳೀತು!"

ನನಗೂ ನಗು ತಡೆಯಲಿಲ್ಲ. "ಗಳಕ್ಕ ಹಾಕ್ರಿ ಅಂದ್ರ ಯಾಕ ಕೇಳಲಿಲ್ರಿ?" ಅಂದೆ.

ಅತ್ತೆ ಭುಜ ನೀವಿಕೊಂಡರು. "ಕೈ ಮ್ಯಾಲ ಏಳೂದಿಲ್ಲವ್ವಾ. ಹೇಳಿದರ, ಇನ್ನ ಮಡಿ ಸಾಕು ಬಿಡ್ರಿ ಅಂತೀರಿ ಅಂತ ಸುಮ್ಮನಿದ್ದೆ."

ನನ್ನ ಕಣ್ಣು ತುಂಬಿದವು. ಅವರ ಕಾಲಿನ ಬಗ್ಗೆ ಇಷ್ಟೆಲ್ಲ ಯೋಚಿಸಿದ ನಾನು ಭುಜದ ನೋವನ್ನು ಕೇಳಿಯೇ ಇರಲಿಲ್ಲ. ಎಂಥ ಸೊಸೆ ನಾನು ಅನ್ನಿಸಿತು. ಅತ್ತೆ ಅವತ್ತು ಮಡಿಗೆ ನಡೆಯುವ ರೇಷ್ಮೆ ಸೀರೆ ಉಟ್ಟು ಪೂಜೆ ಮುಗಿಸಿದರು. ಸಂಜೆಯೊಳಗೆ ಮಿಸ್ತ್ರಿ ಬಂದು ಗಳವನ್ನು ಅವರ ಎದೆಮಟ್ಟಕ್ಕೆ ಇಳಿಸಿಕೊಟ್ಟ. ಅವನಿಗೆ ಅತ್ತೆಯೇ ನಿಂತು ಶಿರಾ ತಿನ್ನಿಸಿ ಕಳಿಸಿದರು.

ಈಗ ಬೆಳಿಗ್ಗೆ ರಾಡು ಹಿಡಿದು ಸರಸರ ನಡೆಯುತ್ತಾರೆ. ಮೊನ್ನೆ ತಾವಾಗಿಯೇ ಕರೆದು, "ವಿದ್ಯಾ, ದೇವರ ಮುಂದ ಕೂತರ ಏಳಲಿಕ್ಕೆ ಆಗವಲ್ದವ್ವಾ, ಅಲ್ಲೂ ಒಂದು ರಾಡ ಹಾಕ್ಸು" ಎಂದರು. ನಾನು ಈ ಮನೆಗೆ ಬಂದು ಮೂವತ್ತೊಂದು ವರ್ಷ. ಅವರು ತಮಗಾಗಿ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಖುಷಿಯಿಂದ ಆಗಲೇ ಮಿಸ್ತ್ರಿಗೆ ಫೋನ್ ಮಾಡಿ, ಇವತ್ತೇ ಬರಬೇಕು ಎಂದೆ.